ಅಮ್ಮನ ಬಾಯಿಗೆ ಬಾರದ ಜಿಲ್ಲೆ

ಹೋದ ವಾರ ಹೊಸೂರಿನ ಬಸ್ ನಿಲ್ದಾಣದಲ್ಲಿ ನನಗೊಂದು ಸಣ್ಣ ಫಜೀತಿಯಾಯಿತು. ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಕೆಲಸವಿತ್ತು. ಬೆಳಗಿನಿಂದಲೇ ಸೋನೆ ಹಿಡಿದಿತ್ತು. ಒದ್ದೆ ಛತ್ರಿ, ಒದ್ದೆ ಕೂದಲು, ಯಾರದೋ ಬುಟ್ಟಿಯ ಕೊತ್ತಂಬರಿ ಸೊಪ್ಪು, ಎಲ್ಲದರ ವಾಸನೆ ತುಂಬಿದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದು ಕೂತೆ. ಕಂಡಕ್ಟರು ಬಂದಾಗ ಯಾವ ಯೋಚನೆಯೂ ಇಲ್ಲದೆ "ಗಿರಿ ಒಂದು" ಎಂದುಬಿಟ್ಟೆ.

"ಎಂದ ಗಿರಿ ಮೇಡಂ? ಶೂಲಗಿರಿಯಾ, ಕೃಷ್ಣಗಿರಿಯಾ?" ಯಾವ ಗಿರಿ ಎಂದು ಅವನು ತಮಿಳಿನಲ್ಲಿ ಕೇಳಿದ. ದಾರಿಯಲ್ಲಿ ಎರಡು ಗಿರಿಗಳಿವೆ, ಅವನು ಕೇಳಿದ್ದು ನ್ಯಾಯವೇ. ಐವತ್ತರ ಹತ್ತಿರ ಬಂದವಳು, ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಜಿಲ್ಲೆಗಳ ಹೆಸರು ಬಾಯಿಪಾಠ ಮಾಡಿಸುವವಳು, ನಮ್ಮದೇ ಜಿಲ್ಲೆಯ ಹೆಸರನ್ನು ಪೂರ್ತಿ ಹೇಳಲಾರದೆ ತಬ್ಬಿಬ್ಬಾದೆ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಆಮೇಲೆ ಹೇಳಿದೆ, ಟಿಕೆಟ್ ಕೈಗೆ ಬಂತು. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತೆ, ನನಗೆ ಅಳು ಬಂದದ್ದು ಪಕ್ಕದವಳಿಗೆ ಕಾಣದಿರಲಿ ಎಂದು.

"ಗಿರಿ" ಎಂಬುದು ನನ್ನ ಮಾತಲ್ಲ, ನಮ್ಮಮ್ಮನದು. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ.

ನಮ್ಮಪ್ಪನ ಹೆಸರು ಕೃಷ್ಣಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂಬ ನೇಮ ಅಮ್ಮನ ಕಾಲದ ಹೆಂಗಸರಿಗೆಲ್ಲ ಇತ್ತು. ಅಮ್ಮ ಅವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಅಪ್ಪನ ಹೆಸರು ಎಲ್ಲೆಲ್ಲಿ ಅಡಗಿ ಕೂತಿದೆಯೋ ಅದನ್ನೆಲ್ಲ ಹುಡುಕಿ ದೂರ ಇಡುತ್ತಿದ್ದಳು. ಕೃಷ್ಣ ಜಯಂತಿ ಅವಳ ಬಾಯಲ್ಲಿ "ಬೆಣ್ಣೆಸಾಮಿ ಹಬ್ಬ". ಹೊಸೂರಿನ ನನ್ನ ಎದುರುಮನೆಯ ಗೋಪಾಲಕೃಷ್ಣ ಬರೀ "ಗೋಪಾಲ". ಕೃಷ್ಣಗಿರಿ "ದೊಡ್ಡ ಗಿರಿ". ಒಮ್ಮೆ ಆ ಊರಿನ ದೊಡ್ಡಾಸ್ಪತ್ರೆಗೆ ಹೊರಟವಳು ಗಿರಿ ಎಂದಷ್ಟೇ ಹೇಳಿ, ಕಂಡಕ್ಟರು ಶೂಲಗಿರಿಯ ಟಿಕೆಟ್ ಹರಿದು ಕೊಟ್ಟು, ಅಲ್ಲಿ ಇಳಿಯಿರಿ ಎಂದಾಗ ಬಾಯಿ ಮುಚ್ಚಿಕೊಂಡು ಇಳಿದು, ಬಿಸಿಲಲ್ಲಿ ನಿಂತು ಇನ್ನೊಂದು ಬಸ್ಸು ಹಿಡಿದಿದ್ದಳು. ಹೆಸರು ಹೇಳಿದ್ದರೆ ಸೀಟಿನಿಂದ ಏಳಬೇಕಾಗಿಯೇ ಇರಲಿಲ್ಲ.

ನಮ್ಮೂರು ಅಂಚೆಟ್ಟಿಯ ಆಚೆ, ಕಾಡಿನ ಮಗ್ಗುಲಿನ ನಾಟ್ರಾಂಪಾಳ್ಯ. ಮೊದಲು ಅದು ಧರ್ಮಪುರಿ ಜಿಲ್ಲೆಗೆ ಸೇರಿತ್ತು, ಅಮ್ಮನಿಗೆ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಜಿಲ್ಲೆ ಎರಡಾಯಿತು. ನಮ್ಮ ಕಡೆಯ ಜಿಲ್ಲೆಗೆ ಅಪ್ಪನ ಹೆಸರು ಬಂತು. "ಸರ್ಕಾರದೋರಿಗೆ ಬ್ಯಾರೆ ಹೆಸ್ರೇ ಸಿಕ್ನಿಲ್ವಾ?" ಎಂದು ಅಮ್ಮ ರೇಗಿದರೆ, ಅಪ್ಪ ಜಗಲಿಯ ಮೇಲೆ ಕೂತು, "ನೋಡ್ದಾ, ಈಗ ಜಿಲ್ಲೇನೇ ನಂದು" ಎಂದು ಮೀಸೆಯಡಿಯಲ್ಲೇ ನಗುತ್ತಿದ್ದರು.

ಅಮ್ಮನಿಗೆ ಈ ನೇಮ ಪಾಲಿಸಲು ಒಬ್ಬರ ಸಹಾಯ ಬೇಕಿತ್ತು. ಅದು ನಾನು. ರೇಷನ್ ಅಂಗಡಿ, ಆಸ್ಪತ್ರೆ, ಬ್ಯಾಂಕು, ಎಲ್ಲಿ ಗಂಡನ ಹೆಸರು ಕೇಳಿದರೂ ಅಮ್ಮ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿ, "ನೀನೇಳವ್ವ" ಎನ್ನುತ್ತಿದ್ದಳು. ನಾನು ಮುಂದೆ ಬಂದು ಗಟ್ಟಿಯಾಗಿ "ಕೃಷ್ಣಪ್ಪ" ಎನ್ನುತ್ತಿದ್ದೆ. ಮಾತು ಕಲಿತ ಮೇಲೆ ನನಗೆ ಸಿಕ್ಕ ಮೊದಲ ಉದ್ಯೋಗ ಅದು. ದೊಡ್ಡವಳಾಗಿ ನನ್ನ ಗಂಡನನ್ನು "ಮಂಜು" ಎಂದು ಹೆಸರು ಹಿಡಿದು ಕೂಗಿದಾಗಲೆಲ್ಲ ಅಮ್ಮ, "ಥೂ, ಬಾಯಿ ನೋಡು ಇವ್ಳ್ದು" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡು ಅವಳು ಹೊಸೂರಿನ ಮೂಕಂಡಪಲ್ಲಿಯ ನಮ್ಮ ಮನೆಗೆ ಬಂದ ಮೇಲೆ ಒಮ್ಮೆ ಕೇಳಿದೆ, "ಇನ್ನಾದ್ರೂ ಹೇಳಬಹುದಲ್ಲಮ್ಮ?" ಎಂದು. "ಅವ್ರು ಹೋದ್ರು ಅಂತ ಹೆಸ್ರು ಅಗ್ಗ ಆಗೋಯ್ತಾ?" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ನಾನು ಹೇಳಹೊರಟಿರುವುದು ಅದಾದ ಮೇಲಿನ ಒಂದು ವರ್ಷದ ಮಾತು. ಒಂದು ಆಷಾಢದಲ್ಲಿ ಶುರುವಾಗಿ ಮುಂದಿನ ಆಷಾಢದಲ್ಲಿ ಮುಗಿದ ವರ್ಷ.

ಆ ಆಷಾಢದಲ್ಲಿ ನಮ್ಮ ಶಾಲೆಗೆ ಅನುಷಾ ಎಂಬ ಹುಡುಗಿ ಬಂದಳು. ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ ಸಂಶೋಧನೆ ಮಾಡುತ್ತಿದ್ದವಳು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬದುಕಿದ ಹಿರಿಯರಲ್ಲಿ ನೆನಪು ಹೇಗೆ ಉಳಿಯುತ್ತದೆ, ಹೇಗೆ ಸವೆಯುತ್ತದೆ ಎಂದು ತಿಳಿಯುವುದು ಅವಳ ಕೆಲಸ. ಅದಕ್ಕೆ ನಮ್ಮ ಹೊಸೂರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಬೈಗುಳಕ್ಕೆ ಕನ್ನಡ ಎಂದು ಹಂಚಿಕೊಂಡು ಬದುಕಿದವರು ನಾವು. ಸ್ವಯಂಸೇವಕರು ಬೇಕು, ಒಬ್ಬ ಹಿರಿಯರು, ಜೊತೆಗೆ ಅವರನ್ನು ಚೆನ್ನಾಗಿ ಬಲ್ಲ ಮನೆಯವರೊಬ್ಬರು, ವರ್ಷದಲ್ಲಿ ಮೂರು ಸಲ ಬಂದು ಕೂರಬೇಕು ಎಂದಳು. ಉಳಿದ ಟೀಚರುಗಳು ಯೋಚಿಸುತ್ತಿರುವಾಗಲೇ ನಾನು ನಮ್ಮಿಬ್ಬರ ಹೆಸರು ಕೊಟ್ಟೆ.

ಅದಕ್ಕೆ ಕಾರಣವಿತ್ತು. ಆ ಬೇಸಿಗೆಯಿಂದ ಅಮ್ಮ ಕೇಳಿದ್ದನ್ನೇ ಕೇಳುತ್ತಿದ್ದಳು. ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹಾಕುತ್ತಿದ್ದಳು. ನನಗೆ ಹೆದರಿಕೆ ಹೊಕ್ಕಿತ್ತು. ಓದಿದವರೊಬ್ಬರು ಅಮ್ಮನ ಎದುರು ಕೂತು, ಪ್ರಶ್ನೆ ಕೇಳಿ, ಏನೂ ಆಗಿಲ್ಲ ಇವರಿಗೆ, ವಯಸ್ಸಿನ ಮರೆವು ಅಷ್ಟೆ ಎಂದುಬಿಡಲಿ ಎಂಬ ಆಸೆ. "ಇದು ಚಿಕಿತ್ಸೆ ಅಲ್ಲ ಮೇಡಂ, ನಾವು ರಿಸಲ್ಟ್ ಹೇಳೋದಿಲ್ಲ, ಏನಾದ್ರೂ ಅನುಮಾನ ಇದ್ರೆ ಡಾಕ್ಟರ ಹತ್ರ ಹೋಗಿ" ಎಂದು ಅನುಷಾ ಮೊದಲೇ ಬಿಡಿಸಿ ಹೇಳಿದ್ದಳು. ನನ್ನ ಕಿವಿಗೆ ಅದು ಬೀಳಲಿಲ್ಲ.

ಅಮ್ಮನಿಗೆ ಹೇಗೆ ಹೇಳುವುದು ಎಂದು ತೋಚದೆ, "ಸ್ವಯಂಸೇವೆ ಅಂತಮ್ಮ, ನೆನಪಿನ ವಿಷಯ ಕೇಳ್ತಾರೆ, ನಾವು ಹೇಳಬೇಕು" ಎಂದೆ. ಅಮ್ಮನ ಕಿವಿಗೆ ಬಿದ್ದದ್ದು ಸೇವೆ ಎಂಬ ಎರಡಕ್ಷರ ಮಾತ್ರ. ಬೆಳಗ್ಗೆದ್ದು ನೋಡಿದರೆ ತಲೆಗೆ ನೀರು ಹಾಕಿಕೊಂಡು, ಹಸಿರು ರೇಷ್ಮೆ ಅಂಚಿನ ಸೀರೆ ಉಟ್ಟು, ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಾಳೆ. "ಸೇವೆ ಅಂದ್ಮೇಲೆ ಮೈಲಿಗೇಲಿ ಹೋಗಕ್ಕಾತದಾ?" ಎಂದಳು. ಜಿನುಗುವ ಮಳೆಯಲ್ಲಿ, ಕಾರ್ಖಾನೆ ಬಸ್ಸುಗಳು ಕೆಸರೆರಚುವ ರಸ್ತೆಯಲ್ಲಿ, ಆ ಒಳ್ಳೆಯ ಸೀರೆಯನ್ನು ಎತ್ತಿ ಹಿಡಿದು ನನ್ನ ಜೊತೆ ನಡೆದಳು.

ಮುಚ್ಚಿಹೋದ ಟೈಲರ್ ಅಂಗಡಿಯ ಮೇಲಿನ ಕೋಣೆಯನ್ನು ಅನುಷಾ ಬಾಡಿಗೆಗೆ ಹಿಡಿದಿದ್ದಳು. ಒಂದು ಮೇಜು, ಮೂರು ಕುರ್ಚಿ, ಗೋಡೆಯಲ್ಲಿ ತೇವದ ಕಲೆ. ಕೆಳಗಿನ ರಸ್ತೆಯಿಂದ ಗಾಡಿಗಳ ಸದ್ದು. ಅಮ್ಮ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟು, ಅನುಷಾಗೆ ಕೈಮುಗಿದು ಕೂತಳು. ಹೆಸರು ಬರೆದುಕೊಳ್ಳುತ್ತ ಅನುಷಾ, "ಯಜಮಾನರ ಹೆಸರು ಏನಮ್ಮ?" ಎಂದಳು. ಅಮ್ಮ ಹಿಂದಕ್ಕೆ ತಿರುಗಿ, "ನೀನೇಳವ್ವ" ಎಂದಳು. ನಾನು ಹೇಳಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಪರೀಕ್ಷೆ ಶುರುವಾದಾಗ ಅನುಷಾ ನನಗೆ, "ಮೇಡಂ, ಇನ್ನು ನೀವು ಹಿಂದೆ ಕೂತಿರಿ. ಏನೂ ಹೇಳಿಕೊಡಬಾರದು, ಸನ್ನೆ ಕೂಡ ಬೇಡ" ಎಂದಳು.

ಅಮ್ಮನಿಗೆ ಐದು ಪದ ಹೇಳಿದಳು. ಕೊಡೆ, ಕುರಿ, ಬಾಗಿಲು, ಬೆಲ್ಲ, ದೀಪ. "ಇವನ್ನ ನೆನಪಿಟ್ಕೊಳ್ಳಿ ಅಮ್ಮ, ಆಮೇಲೆ ಕೇಳ್ತೀನಿ" ಎಂದರೆ ಅಮ್ಮ, "ಅದನ್ಯಾಕವ್ವ ನೆಪ್ಪಿಕ್ಕೋಬೇಕು? ಬೇಕಾದಾಗ ಮನೇಲೇ ಐತಲ್ಲ" ಎಂದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ, "ಕಳ್ದು ಯಾರಿಗೆ ಕೊಡಾಣ?" ಎಂದು ನಕ್ಕು, ಸಂತೆಯಲ್ಲಿ ಕಲಿತ ತೆಲುಗಿನಲ್ಲಿ ಒಂದೆರಡು ಸಲ ಕಳೆದಳು. ಅನುಷಾ ನಗು ತಡೆದುಕೊಂಡು ಬರೆದುಕೊಳ್ಳುತ್ತಿದ್ದಳು. ಆಮೇಲೆ ಇದು ಯಾವ ಊರು, ಯಾವ ರಾಜ್ಯ ಎಂಬ ಪ್ರಶ್ನೆ ಬಂತು. ಅಮ್ಮ ಹೇಳಿದಳು.

"ಯಾವ ಜಿಲ್ಲೆ ಅಮ್ಮ?"

ಅಮ್ಮ ಹಿಂದಕ್ಕೆ ತಿರುಗಿದಳು. "ನೀನೇಳವ್ವ."

ನಾನು ತುಟಿ ಬಿಗಿದು ಕೂತೆ. ಅಮ್ಮ ಕಾದಳು. ಅಷ್ಟು ವರ್ಷಗಳಲ್ಲಿ ಅವಳು ತಿರುಗಿ ನೋಡಿದಾಗ ನಾನು ಬಾಯಿ ಬಿಡದೆ ಇದ್ದದ್ದು ಅದೇ ಮೊದಲು. ಅವಳ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು, ನಾನು ಕಿವುಡಿಯಾಗಿಬಿಟ್ಟೆನೇನೋ ಎಂಬಂತೆ. "ಅದೇ... ಅದು... ಅದೇ ಕಣವ್ವ" ಎಂದು ಅನುಷಾ ಕಡೆ ತಿರುಗಿ ಕೈ ಆಡಿಸಿದಳು. ಅನುಷಾ ಇನ್ನಷ್ಟು ಹೊತ್ತು ನೋಡಿ ಕಾಗದದ ಮೇಲೆ ಏನನ್ನೋ ಹಾಕಿದಳು. ಶಾಲಾ ಟೀಚರಾದ ನನಗೆ ಅದು ಸೊನ್ನೆ ಎಂದು ದೂರದಿಂದಲೇ ಗೊತ್ತಾಯಿತು.

ಎಲ್ಲ ಮುಗಿದು ಅಮ್ಮ ಟೀ ಕುಡಿಯುತ್ತಿರುವಾಗ ನಾನು ಅನುಷಾಳನ್ನು ಮೆಟ್ಟಿಲ ಹತ್ತಿರ ಕರೆದು ಜಗಳಕ್ಕೇ ನಿಂತೆ. ಒಂದು ಮಾರ್ಕಿಗಾಗಿ ನನ್ನೆದುರು ಬಂದು ವಾದ ಮಾಡುವ ತಾಯಂದಿರನ್ನು ಪ್ರತಿ ಪರೀಕ್ಷೆಯ ನಂತರವೂ ನೋಡುತ್ತೇನೆ, ಬೇಸರಪಟ್ಟುಕೊಳ್ಳುತ್ತೇನೆ. ಅಂದು ಅವರ ಜಾಗದಲ್ಲಿ ನಾನಿದ್ದೆ. "ಅವಳಿಗೆ ಗೊತ್ತಮ್ಮ, ಆ ಹೆಸರು ಹೇಳಬಾರದು ಅಷ್ಟೆ. ಅದು ಮರೆವಲ್ಲ, ಮರ್ಯಾದೆ" ಎಂದೆ. ಅನುಷಾ ಪೂರ್ತಿ ಕೇಳಿಸಿಕೊಂಡಳು. ಅವಳ ಅಜ್ಜಿಯೂ ಹಾಗೇ ಇದ್ದಳಂತೆ. "ನಂಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಬಾಯಲ್ಲಿ ಹೇಳಿದ್ರೆ ಮಾತ್ರ ಮಾರ್ಕು ಕೊಡಬೇಕು ಅನ್ನೋದು ಎಲ್ಲರಿಗೂ ಒಂದೇ ರೂಲ್. ನೀವು ಹೇಳಿದ್ದನ್ನ ಪಕ್ಕದಲ್ಲಿ ಬರೆದಿಡ್ತೀನಿ" ಎಂದಳು. ಆ ಹುಡುಗಿಯದೇನೂ ತಪ್ಪಿರಲಿಲ್ಲ. ಆದರೂ ಮನೆಯವರೆಗೂ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಐದು ಪದಗಳಲ್ಲಿ ಅಮ್ಮ ಎರಡನ್ನು ಮಾತ್ರ ಹೇಳಿದ್ದಳು ಎಂಬುದನ್ನು ಆ ಜಿಲ್ಲೆಯ ಸೊನ್ನೆಯ ಹಿಂದೆ ಬಚ್ಚಿಟ್ಟುಬಿಟ್ಟೆ.

ಆ ವರ್ಷ ಮಳೆ ನಿಲ್ಲಲೇ ಇಲ್ಲ. ಆಶ್ವಯುಜ ಕಳೆದರೂ ಆಕಾಶ ಬಿಳಿಚಿಕೊಂಡೇ ಇತ್ತು. ಮಕ್ಕಳ ಸಮವಸ್ತ್ರ ಒಣಗದೆ ತರಗತಿಯೆಲ್ಲ ಮುಗ್ಗಲು ವಾಸನೆ. ಮಂಜು ಕಾರ್ಖಾನೆಯ ಪಾಳಿ ಮುಗಿಸಿ ಬಂದರೆ ಬಟ್ಟೆಯ ಎಣ್ಣೆ ವಾಸನೆಯೂ ಅದಕ್ಕೆ ಸೇರಿ ಮನೆ ಗಬ್ಬೆನ್ನುತ್ತಿತ್ತು. ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದಳು. ಒಂದು ದಿನ ಹಾಲು ಉಕ್ಕಿ, ಒಲೆ ಆರಿ, ಗ್ಯಾಸು ಮನೆ ತುಂಬಿದಾಗಲೂ ಹಾಗೇ ಕೂತಿದ್ದಳು. ಸದ್ಯ ಮಂಜು ಹೊತ್ತಿಗೆ ಸರಿಯಾಗಿ ಬಂದ. "ನೆಗಡಿ ಆಗಿ ಮೂಗು ಕಟ್ಟಿತ್ತು, ವಾಸನೆ ಗೊತ್ತಾಗಿಲ್ಲ" ಎಂದು ನಾನೇ ಅಮ್ಮನ ಪರವಾಗಿ ಹೇಳಿದೆ. ಅವನು ನನ್ನ ಮುಖ ನೋಡಿದ. ಮಾರನೆಯ ದಿನ ಸಿಲಿಂಡರಿನ ಹತ್ತಿರ ಅವಳು ಹೋಗದ ಹಾಗೆ ಅಡುಗೆಮನೆಗೆ ಒಂದು ಚಿಲಕ ಹಾಕಿಸಿದ.

ಎರಡನೆಯ ಸಲ ನಾವು ಆ ಕೋಣೆಗೆ ಹೋದದ್ದು ಅವರೆಕಾಯಿಯ ಕಾಲದಲ್ಲಿ. ಬೆಳಗಿನ ಕಾವಳ ಹತ್ತು ಗಂಟೆಯಾದರೂ ಕರಗಿರಲಿಲ್ಲ. ಈ ಸಲ ತಲೆಗೆ ನೀರು ಹಾಕಿಕೊಳ್ಳಬೇಕೆಂದು ಅಮ್ಮನಿಗೆ ತೋಚಲಿಲ್ಲ. ಚಳಿ ಎಂದುಕೊಂಡೆ. ಅನುಷಾ ಮೊದಲು ನನ್ನನ್ನು ಬೇರೆಯಾಗಿ ಕೂರಿಸಿ, ಅಮ್ಮ ದಾರಿ ತಪ್ಪುತ್ತಾರಾ, ಒಲೆ ಆರಿಸಲು ಮರೆಯುತ್ತಾರಾ, ಪರಿಚಯದವರನ್ನು ಗುರುತಿಸುತ್ತಾರಾ ಎಂದು ಕೇಳಿದಳು. ಯಾವಾಗಲೂ ಇಲ್ಲ, ಒಮ್ಮೊಮ್ಮೆ, ಪದೇ ಪದೇ ಎಂದು ಮೂರು ಉತ್ತರಗಳಿದ್ದವು. ನಾನು ನಡುವಿನದನ್ನು ದಾಟಿ ಹೋಗಲಿಲ್ಲ. ಹೋಲಿಸಿ ನೋಡಲು ನನಗೂ ಪದಗಳನ್ನು ಕೊಟ್ಟಳು. ಒಂದನ್ನು ನಾನೂ ಮರೆತೆ. ಮರೆತದ್ದಕ್ಕೆ ಎಷ್ಟು ಖುಷಿಯಾಯಿತೆಂದರೆ, ನೋಡು, ಎಲ್ಲರೂ ಮರೆಯುತ್ತಾರೆ ಎಂದು ಮೇಜು ಕುಟ್ಟಿ ಹೇಳಬೇಕೆನಿಸಿತು.

ಅಮ್ಮನಿಗೆ ಅಂದು ಸಿಕ್ಕ ಪದ ಬೆಲ್ಲ ಒಂದೇ. ರಾಗಿ, ಎಮ್ಮೆ ಎಂದು ಪಟ್ಟಿಯಲ್ಲಿಲ್ಲದ ಎರಡನ್ನು ತಾನೇ ಸೇರಿಸಿದಳು. ಜಿಲ್ಲೆ ಯಾವುದೆಂದು ಕೇಳಿದಾಗ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅಮ್ಮ ಅನುಷಾಳ ಕಡೆ ತಿರುಗಿ, "ಧರ್ಮಪುರಿ" ಎಂದಳು.

ಅನುಷಾ ಆಮೇಲೆ ಮೆಲ್ಲಗೆ ಕೇಳಿದಳು. "ಮೇಡಂ, ಅದು ಹೆಸರು ತಪ್ಪಿಸೋಕೆ ಹೇಳಿದ್ದಾ, ಇಲ್ಲಾ ನಿಜವಾಗ್ಲೂ ಹಾಗೇ ಅಂದ್ಕೊಂಡಿದಾರಾ?" ತಪ್ಪಿಸಲಿಕ್ಕೇ ಎಂದೆ. ಹೇಳಿದ್ದು ಗಟ್ಟಿಯಾಗಿಯೇ, ನಂಬಿಕೆ ಮಾತ್ರ ನನಗೇ ಇರಲಿಲ್ಲ. ಜಿಲ್ಲೆ ಒಡೆಯುವುದಕ್ಕೆ ಮುಂಚಿನ ಕಾಲಕ್ಕೆ ಅಮ್ಮ ಹೊರಟುಹೋಗಿದ್ದರೆ ನಾನು ಅವಳನ್ನು ಎಲ್ಲಿಂದ ಕರೆದು ತರಲಿ? ಆ ಕಾಲದಲ್ಲಿ ಅಪ್ಪ ಇದ್ದರು, ಹೊಲವಿತ್ತು, ಮೂಕಂಡಪಲ್ಲಿಯ ಈ ಮನೆ ಇರಲಿಲ್ಲ.

ಸಂಜೆ ಇಬ್ಬರೂ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತೆವು. ಸೊಗಡಿನ ಕಾಯಿ, ಕೈಯೆಲ್ಲ ಅದರ ವಾಸನೆ. ಮನೆಕೆಲಸ ಬೇರೆಲ್ಲ ಕೈಬಿಟ್ಟರೂ ಅಮ್ಮನ ಬೆರಳು ಇದನ್ನು ಮರೆತಿರಲಿಲ್ಲ. ಅವಳ ಬೋಸಿ ನನ್ನದಕ್ಕಿಂತ ಬೇಗ ತುಂಬುತ್ತಿತ್ತು. ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದೆ.

"ಅಮ್ಮ, ಬೆಳಗ್ಗೆ ಆ ಹುಡುಗಿ ಜಿಲ್ಲೆ ಯಾವುದು ಅಂದ್ರೆ ಧರ್ಮಪುರಿ ಅಂದ್ಯಲ್ಲ, ಯಾಕೆ?"

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಮತ್ತಿನ್ನೇನನ್ನಾಣ? ಅವ್ರ ಹೆಸ್ರು ಹೇಳಕ್ಕಾತದಾ? ನೀನೂ ಬಾಯಿಗೆ ಬೀಗ ಹಾಕ್ಕೊಂಡು ಕುಂತ್ಬುಟ್ಟೆ. ಹಳೇದಾದ್ರೂ ಒಂದೇಳಿದ್ನಪ್ಪ."

ಆ ಸಂಜೆ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅಮ್ಮ ಎಲ್ಲೂ ಹೋಗಿರಲಿಲ್ಲ. ಹೇಳಬಾರದ ಹೆಸರು ಯಾವುದು, ಯಾಕೆ ಹೇಳಬಾರದು, ಅದರ ಬದಲು ಏನು ಹೇಳಬೇಕು ಎಂದು ಅಷ್ಟನ್ನೂ ಅವಳು ಲೆಕ್ಕ ಹಾಕಿದ್ದಳು. ಅಷ್ಟು ಯೋಚಿಸಬಲ್ಲವಳಿಗೆ ಯಾವ ಕಾಯಿಲೆ? ಎದ್ದು ಹೋಗಿ ಅವಳನ್ನು ತಬ್ಬಿಕೊಂಡೆ. "ಬುಡೆ, ಕಾಯಿ ಚೆಲ್ಲತೈತೆ" ಎಂದು ಬೈದಳು. ಅಂದಿನ ಅವರೆಕಾಳಿನ ಸಾರನ್ನು ಮುದ್ದೆಯ ಜೊತೆ ಎಷ್ಟು ಉಂಡೆನೋ. ಮಂಜುವಿಗೆ ಎಲ್ಲ ಹೇಳಿದೆ. ಅವನೂ ನಕ್ಕ, ಆದರೆ ಊಟ ಮುಗಿಸಿ ಕೈ ತೊಳೆಯುವಾಗ, "ಡಾಕ್ಟರಿಗೂ ಒಂದ್ಸಲ ತೋರಿಸಾಣ ಪಾರೂ" ಎಂದ.

ತೋರಿಸಿದೆವು. ಡಾಕ್ಟರು ನಿಧಾನಸ್ಥರು. ತಲೆಯ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು, ಮೆದುಳು ಅಲ್ಲಲ್ಲಿ ಕುಗ್ಗಿದೆ ಎಂದು ತೋರಿಸಿದರು. ಮಾತ್ರೆ ಬರೆದರು. ಇದು ಹಿಂದಕ್ಕೆ ಬರುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದರು. ಅವರು ಹೇಳುತ್ತಿರುವಾಗ ನಾನು ಒಳಗೊಳಗೇ, ನಿಮ್ಮ ಚಿತ್ರಕ್ಕೇನು ಗೊತ್ತು, ಅವಳಿಗೆ ಗಂಡನ ಹೆಸರಿನ ನೇಮ ನೆನಪಿದೆ ಎಂದು ವಾದಿಸುತ್ತಿದ್ದೆ. ಮನುಷ್ಯನಿಗೆ ಹಿಡಿದುಕೊಳ್ಳಲು ಒಂದು ಗೂಟ ಸಿಕ್ಕರೆ ಸಾಕು, ಬಿಡುವುದಿಲ್ಲ.

ಬೇಸಿಗೆ ಕೆಟ್ಟದಾಗಿ ಬಂತು. ಮಾವಿನ ಹಣ್ಣಿನ ಗಾಡಿಗಳು ರಸ್ತೆ ತುಂಬ ನಿಂತಿದ್ದ ಒಂದು ಮಧ್ಯಾಹ್ನ ಶಾಲೆಗೆ ಫೋನು ಬಂತು. ಅಮ್ಮ ಮನೆಯಲ್ಲಿಲ್ಲ. ನಾನೂ ಮಂಜುವೂ ಒಂದೊಂದು ದಿಕ್ಕಿಗೆ ಓಡಿದೆವು. ಎದುರುಮನೆಯ ಗೋಪಾಲಕೃಷ್ಣ ಅವಳನ್ನು ಬಸ್ ಸ್ಟಾಪಿನಲ್ಲಿ ಕಂಡು ಕೈಹಿಡಿದು ಕರೆದುಕೊಂಡು ಬಂದ. ಬರಿಗಾಲು, ಕೈಯಲ್ಲೊಂದು ಟಿಫನ್ ಡಬ್ಬಿ, ಒಳಗೆ ಏನೂ ಇಲ್ಲ. "ಅಂಚೆಟ್ಟಿ ಬಸ್ಸು ಬರ್ನೇ ಇಲ್ಲ ಕಣವ್ವ. ಅವ್ರು ಹೊಲದಾಗೆ ಕಾಯ್ತಾವ್ರೆ, ಊಟ ಒಯ್ಬೇಕು" ಎಂದಳು. ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚುತ್ತ ನಾನು ಅತ್ತೆ. ಅಳುತ್ತಲೇ, ಅವ್ರು ಎಂದಳಲ್ಲ, ಹೆಸರು ಹೇಳಲಿಲ್ಲವಲ್ಲ ಎಂದುಕೊಂಡೆ.

ಆಮೇಲೆ ಕೆಲವು ವಾರ ದಿನವೂ ಅದೇ. ಅವ್ರು ಬಂದ್ರಾ, ಅವ್ರಿಗೆ ನೀರು ಕೊಟ್ಯಾ, ಅವ್ರ ಚಪ್ಲಿ ಎಲ್ಲಿ? ನಾನು ಬಂದರು, ಕೊಟ್ಟೆ, ಇಲ್ಲೇ ಇದೆ ಎನ್ನುತ್ತಿದ್ದೆ. ಮಳೆ ಹಿಡಿಯುತ್ತಿದ್ದಂತೆ ಈ ಪ್ರಶ್ನೆಗಳು ಕಡಿಮೆಯಾದವು. ಅಮ್ಮ ಶಾಂತಳಾದಳು. ಬಾಗಿಲ ಹತ್ತಿರ ಕೂತು ಮಳೆಯನ್ನು ನೋಡಿ ನಗುತ್ತಿದ್ದಳು. ಮಾತ್ರೆ ಹಿಡಿಯಿತು ಎಂದು ನಾನೂ ಮಂಜುವೂ ಮಾತಾಡಿಕೊಂಡೆವು. ಆ "ಅವ್ರು" ಅವಳ ಮಾತಿನಿಂದ ಯಾವ ದಿನ ಜಾರಿಹೋಯಿತೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಮತ್ತೆ ಆಷಾಢ. ಮೂರನೆಯ ಸಲ, ಕೊನೆಯ ಸಲ. ಸೀರೆ ನಾನೇ ಉಡಿಸಿದೆ, ಅದೇ ಹಸಿರು ಅಂಚಿನದು. ನಡೆಸುವುದು ಬೇಡವೆಂದು ಆಟೋದಲ್ಲಿ ಕರೆದುಕೊಂಡು ಹೋದೆ. ಕೋಣೆಯ ಗೋಡೆಯ ತೇವದ ಕಲೆ ದೊಡ್ಡದಾಗಿತ್ತು. ಅನುಷಾ ಎದ್ದು ಬಂದು ಅಮ್ಮನ ಕೈಹಿಡಿದು ಕೂರಿಸಿದಳು. ಅವಳಿಗೂ ಅಮ್ಮನೆಂದರೆ ಅಕ್ಕರೆ ಹುಟ್ಟಿತ್ತು. "ನನ್ನ ನೆನಪಿದೆಯಾ ಅಮ್ಮ?" ಎಂದಳು. "ಇಲ್ದೆ ಏನವ್ವ" ಎಂದು ಅಮ್ಮ ನಯವಾಗಿ ನಕ್ಕಳು. ಆ ದಿನಗಳಲ್ಲಿ ಅವಳು ಯಾರನ್ನು ಕಂಡರೂ ಹಾಗೇ ನಗುತ್ತಿದ್ದಳು.

ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಐದು ಪದಗಳು ಬಂದವು, ಹೋದವು. ಕಳೆಯುವ ಲೆಕ್ಕಕ್ಕೆ ಅಮ್ಮ ಬಾಯೇ ತೆರೆಯಲಿಲ್ಲ. ಹೊರಗೆ ಮಳೆ ಜೋರಾಗಿ, ಅನುಷಾ ಎದ್ದು ಕಿಟಕಿ ಮುಚ್ಚಿ ಬಂದಳು. ಇದು ಯಾವ ಊರು ಎಂದರೆ ಅಮ್ಮ "ನಮ್ಮೂರು" ಎಂದಳು.

"ಯಾವ ಜಿಲ್ಲೆ ಅಮ್ಮ?"

ನಾನು ತಲೆ ತಗ್ಗಿಸಿ ಕಾದೆ. ಅವಳು ಈಗ ತಿರುಗುತ್ತಾಳೆ, ನೀನೇಳವ್ವ ಎನ್ನುತ್ತಾಳೆ, ನಾನು ನೆಲ ನೋಡಬೇಕು. ಅದಕ್ಕೆ ಸಿದ್ಧವಾಗಿದ್ದೆ. ಕುರ್ಚಿಯ ಸದ್ದಾಗಲಿಲ್ಲ. ತಲೆಯೆತ್ತಿ ನೋಡಿದರೆ ಅಮ್ಮನ ಬೆನ್ನು ನೆಟ್ಟಗೆ ಹಾಗೇ ಇತ್ತು. ಅವಳ ಎದುರಿನ ಗೋಡೆಯಲ್ಲಿ ಏನೂ ಬರೆದಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಅಮ್ಮ ಹೇಳಿದಳು.

"ಕೃಷ್ಣಗಿರಿ."

ನನಗೆ ತಿಳಿದಂತೆ ಆ ಸದ್ದು ಅಮ್ಮನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಬಂತು! ಎಲ್ಲೂ ತೊಡರಲಿಲ್ಲ, ನಾಚಲಿಲ್ಲ. ಅನುಷಾಳ ಪೆನ್ನು ಕಾಗದದ ಮೇಲೆ ನಿಂತಿತು. ಹೋದ ವರ್ಷ ತಾನೇ ಪಕ್ಕದಲ್ಲಿ ಬರೆದಿಟ್ಟದ್ದು ಅವಳಿಗೆ ನೆನಪಿತ್ತು. ಅವಳು ಅಮ್ಮನ ಭುಜದ ಮೇಲಿಂದ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ನನಗೆ ಎಲ್ಲವೂ ಗೊತ್ತಾಯಿತು. ಬಾಯಲ್ಲಿ ಹೇಳಿದರೆ ಮಾರ್ಕು ಕೊಡಬೇಕು. ಅವಳು ತಲೆ ತಗ್ಗಿಸಿ ಮಾರ್ಕು ಹಾಕಿದಳು. ವರ್ಷದ ಹಿಂದೆ ನಾನು ಯಾವುದಕ್ಕಾಗಿ ಜಗಳವಾಡಿದೆನೋ ಆ ಮಾರ್ಕು ಅಮ್ಮನಿಗೆ ಅಂದು ಸಿಕ್ಕಿತು.

ಹೊರಡುವಾಗ ಅನುಷಾ ಮೆಟ್ಟಿಲವರೆಗೂ ಬಂದಳು. ನನ್ನ ಕೈ ಹಿಡಿದು ಬಿಟ್ಟಳು. ನಾನು ಅಮ್ಮನನ್ನು ಆಟೋಗೆ ಹತ್ತಿಸಿದೆ.

ಆಟೋದವನು ಎರಡೂ ಬದಿಗೆ ಟಾರ್ಪಾಲು ಇಳಿಬಿಟ್ಟಿದ್ದ. ಸಂದಿಯಿಂದ ಎರಚಲು ಬಡಿಯುತ್ತಿತ್ತು. ಪಾಳಿ ಬಿಡುವ ಹೊತ್ತು, ಕಾರ್ಖಾನೆ ಬಸ್ಸುಗಳ ಸಾಲಿನ ನಡುವೆ ಆಟೋ ಸಿಕ್ಕಿಕೊಂಡು ನಿಂತುಬಿಟ್ಟಿತು. ಅಮ್ಮ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬೆಚ್ಚಗೆ ಒರಗಿ ಕೂತಿದ್ದಳು. ಕೇಳಬಾರದೆಂದು ಎಷ್ಟು ಗಟ್ಟಿ ಮಾಡಿಕೊಂಡರೂ ತಡೆಯಲಾಗಲಿಲ್ಲ.

"ಅಮ್ಮ, ಕೃಷ್ಣಪ್ಪ ಅಂದ್ರೆ ಯಾರು?"

ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಮೆಲ್ಲಗೆ ಆ ಹೆಸರನ್ನು ತಾನೂ ಒಮ್ಮೆ ಅಂದು ನೋಡಿದಳು. "ಕೃಷ್ಣಪ್ಪ... ಕೃಷ್ಣಪ್ಪ..." ಆಮೇಲೆ ಮುಖ ಅರಳಿತು.

"ನಮ್ಮೂರೋರು ಒಬ್ರಿದ್ರು ಕಣವ್ವ," ಎಂದಳು. "ಬೋ ಒಳ್ಳೇರು. ನಿಂಗೂ ಗೊತ್ತಾ ಅವ್ರು?"

"ಗೊತ್ತಮ್ಮ," ಎಂದೆ.